ರಾಜೀನಾಮೆಯಿಂದ ಹುಟ್ಟುವ ಉಪಚುನಾವಣೆ: ಕರ್ನಾಟಕ ಇಲ್ಲಿಗೆ ಬಂದ ದಾರಿ

ಬೆಂಗಳೂರಿನ ರಾಜರಾಜೇಶ್ವರಿನಗರದ ಮತದಾರರು 2018ರ ಮೇ 28ರಂದು ಮುನಿರತ್ನ ಅವರನ್ನು ಶಾಸಕರನ್ನಾಗಿ ಆರಿಸಿದರು. ಆಗ ಅವರ ಚಿಹ್ನೆ ಕಾಂಗ್ರೆಸ್ಸಿನ ಹಸ್ತ. 2020ರ ನವೆಂಬರ್ 3ರಂದು ಅದೇ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಗೆದ್ದವರು ಮತ್ತೆ ಮುನಿರತ್ನ, ಚಿಹ್ನೆ ಮಾತ್ರ ಬಿಜೆಪಿಯ ಕಮಲ. ನಡುವೆ ಸುಮಾರು 15 ತಿಂಗಳು ಆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ.

ಯಾರೂ ತೀರಿಕೊಂಡಿರಲಿಲ್ಲ. ಯಾರೂ ಸಂಸದರಾಗಿ ದೆಹಲಿಗೆ ಹೋಗಿರಲಿಲ್ಲ. ಹಾಗಾದರೆ ಈ ಚುನಾವಣೆ ಯಾಕೆ ಬೇಕಾಯಿತು? ಉತ್ತರಕ್ಕೆ ಐವತ್ತು ವರ್ಷ ಹಿಂದೆ ಹೋಗಬೇಕು.

1971ರಲ್ಲಿ ಮೈಸೂರು ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಇತ್ತು. ಕಾಂಗ್ರೆಸ್ ಆಗಲೇ ಎರಡು ಹೋಳಾಗಿತ್ತು, ಪಾಟೀಲರದು ಇಂದಿರಾ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿ ಭಾರಿ ಬಹುಮತದಿಂದ ಗೆದ್ದರು. ಅದರ ಬೆನ್ನಿಗೇ ಇಲ್ಲಿನ ಶಾಸಕರು ಇಂದಿರಾ ಪಾಳೆಯಕ್ಕೆ ನಡೆದರು. ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಪಕ್ಷ ಬಿಟ್ಟವರು ರಾಜೀನಾಮೆ ಕೊಡುವ ಅಗತ್ಯವೇ ಇರಲಿಲ್ಲ. ಸದನದಲ್ಲಿ ಆ ಕಡೆಯ ಬೆಂಚಿನಿಂದ ಈ ಕಡೆಯ ಬೆಂಚಿಗೆ ಬಂದು ಕೂತರೆ ಸಾಕಿತ್ತು. ಮತ ಹಾಕಿದವರನ್ನು ಕೇಳುವ ಮಾತೇ ಇರಲಿಲ್ಲ.

ಆ ಕಾಲದಲ್ಲಿ ಉಪಚುನಾವಣೆಯ ಕೆಲಸ ಬೇರೆ ಇತ್ತು. ಸದಸ್ಯರು ತೀರಿಕೊಂಡರೆ, ಇಲ್ಲವೇ ನಾಯಕರಿಗೆ ಜಾಗ ಬೇಕಾದರೆ ಅದು ನಡೆಯುತ್ತಿತ್ತು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು, ಇಂದಿರಾ ಅಲ್ಲಿಂದ ಗೆದ್ದರು. ಎದುರಿಗಿದ್ದವರು ಅದೇ ವೀರೇಂದ್ರ ಪಾಟೀಲರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು.

1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿದರು. ಗೆದ್ದ ಪಕ್ಷವನ್ನು ಬಿಟ್ಟರೆ, ವಿಪ್ (ಹೀಗೇ ಮತ ಹಾಕಿ ಎನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಆದರೆ ಒಂದು ವಿನಾಯಿತಿ ಉಳಿಸಿದರು. ಶಾಸಕಾಂಗ ಪಕ್ಷದ ಮೂರನೇ ಒಂದರಷ್ಟು ಜನ ಒಟ್ಟಿಗೆ ಹೊರಬಂದರೆ ಅದು ಪಕ್ಷಾಂತರ ಅಲ್ಲ, ಪಕ್ಷದ ವಿಭಜನೆ. ಒಬ್ಬ ಹೋದರೆ ತಪ್ಪು, ಗುಂಪಾಗಿ ಹೋದರೆ ಸರಿ! 2003ರಲ್ಲಿ 91ನೇ ತಿದ್ದುಪಡಿ ಈ ವಿನಾಯಿತಿಯನ್ನು ತೆಗೆದುಹಾಕಿತು. ಪಕ್ಷಾಂತರದಿಂದ ಅನರ್ಹರಾದವರು ಮತ್ತೆ ಚುನಾವಣೆಯಲ್ಲಿ ಗೆದ್ದು ಬರುವ ತನಕ, ಇಲ್ಲವೇ ಅವರ ಅವಧಿ ಮುಗಿಯುವ ತನಕ ಮಂತ್ರಿಯಾಗುವಂತಿಲ್ಲ ಎಂದೂ ಹೇಳಿತು.

ನಡುವೆ ಬೊಮ್ಮಾಯಿ ಪ್ರಕರಣ ನಡೆದಿತ್ತು. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರು ಬೆಂಬಲ ಹಿಂತೆಗೆದಿದ್ದಾರೆ ಎನ್ನುವ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಕೊಡದೆ, ರಾಷ್ಟ್ರಪತಿ ಆಳ್ವಿಕೆ ಹೇರಿ ಸರ್ಕಾರವನ್ನು ವಜಾ ಮಾಡಲಾಯಿತು. 1994ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು: ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ದೇಶದ ಒಕ್ಕೂಟ ವ್ಯವಸ್ಥೆಗೆ ಬೆಂಗಳೂರಿನಿಂದ ಸಿಕ್ಕ ದೊಡ್ಡ ಕೊಡುಗೆ ಇದು ಎಂದೇ ನನ್ನ ಭಾವನೆ.

ಈಗ ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿ. ಸುಮ್ನೆ ಪಕ್ಷ ಬದಲಿಸುವಂತಿಲ್ಲ. ಗುಂಪು ಕಟ್ಟಿ ಒಡೆಯುವಂತಿಲ್ಲ. ರಾಜ್ಯಪಾಲರಿಗೆ ಪತ್ರ ಕೊಟ್ಟರೂ ಸಾಲದು. ಉಳಿದ ಸುಲಭದ ದಾರಿ ಒಂದೇ: ಸದನದ ಸಂಖ್ಯೆಯನ್ನೇ ಬದಲಿಸುವುದು. ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಎನ್ನುವ ಹಾಗೆ, ಕಾನೂನು ಬಿಗಿಯಾದಷ್ಟೂ ರಾಜಕೀಯ ಹೊಸ ಸಂದು ಹುಡುಕಿತು.

ರಾಜೀನಾಮೆ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2006ರಲ್ಲಿ ಸಿದ್ದರಾಮಯ್ಯ ಜೆಡಿಎಸ್‌ನಿಂದ ಹೊರಬಂದು, ಶಾಸಕ ಸ್ಥಾನ ಬಿಟ್ಟು, ಚಾಮುಂಡೇಶ್ವರಿಯಲ್ಲಿ ಕಾಂಗ್ರೆಸ್‌ನಿಂದ ನಿಂತರು. ಗೆದ್ದಿದ್ದು ಬರೀ 257 ಮತಗಳಿಂದ. ಪಕ್ಷ ಬದಲಿಸಿದ ಮೇಲೆ ಜನರ ಮುಂದೆ ಬಂದು ನಿಲ್ಲುವುದು 1971ರ ರೀತಿಗಿಂತ ಎಷ್ಟೋ ಮೇಲು. ಆದರೆ ಅಲ್ಲಿ ಸರ್ಕಾರ ಬೀಳಿಸುವ, ಕಟ್ಟುವ ಲೆಕ್ಕ ಇರಲಿಲ್ಲ.

ಆ ಲೆಕ್ಕ ಶುರುವಾಗಿದ್ದು 2008ರಲ್ಲಿ. ಬಿಜೆಪಿಗೆ ಬಂದಿದ್ದು 110 ಸೀಟು, ಬೇಕಿದ್ದು 113. ಪಕ್ಷೇತರರ ಬೆಂಬಲದಿಂದ ಬಿ.ಎಸ್. ಯಡಿಯೂರಪ್ಪ ಸರ್ಕಾರ ಮಾಡಿದರು, ಐವರು ಪಕ್ಷೇತರರು ಮಂತ್ರಿಗಳಾದರು. ಆಮೇಲೆ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಜನ ಇದನ್ನು ಆಪರೇಷನ್ ಕಮಲ ಎಂದು ಕರೆದರು. ಆ ಡಿಸೆಂಬರ್‌ನಲ್ಲಿ 8 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 5 ಗೆದ್ದಿತು, ಜೆಡಿಎಸ್ 3. ಸರ್ಕಾರ ಗಟ್ಟಿಯಾಯಿತು.

ಆದರೆ ಮತದಾರರು ಎಲ್ಲ ಕಡೆ ಒಪ್ಪಿಕೊಂಡರು ಎಂದುಕೊಳ್ಳಬೇಡಿ. ಬೆಂಗಳೂರಿನ ಗೋವಿಂದರಾಜನಗರದಲ್ಲಿ ಕಾಂಗ್ರೆಸ್‌ನಿಂದ ಗೆದ್ದಿದ್ದ ವಿ. ಸೋಮಣ್ಣ ರಾಜೀನಾಮೆ ಕೊಟ್ಟು 2009ರಲ್ಲಿ ಬಿಜೆಪಿಯಿಂದ ನಿಂತರು. ಕ್ಷೇತ್ರದ ಮೇಲೆ ಅವರಿಗೆ ದೊಡ್ಡ ಹಿಡಿತ ಇತ್ತು. ಆದರೂ ಕಾಂಗ್ರೆಸ್ಸಿನ ಯುವ ಅಭ್ಯರ್ಥಿ ಪ್ರಿಯಾಕೃಷ್ಣ ಗೆದ್ದರು. ನಾವು ಕೊಟ್ಟ ಮತವನ್ನು ಇನ್ನೊಬ್ಬರ ಅಂಗಳಕ್ಕೆ ಒಯ್ಯಬೇಡಿ ಎಂದು ಆ ಕ್ಷೇತ್ರ ಹೇಳಿತು ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನು 2019. ಬೆಂಗಳೂರಿಗೆ ಇದು ತೀರಾ ಹತ್ತಿರದ ಕಥೆ. ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈ ಸೇರಿದರು. ಅವರಲ್ಲಿ ಕೆ.ಆರ್. ಪುರದ ಬೈರತಿ ಬಸವರಾಜ್, ಯಶವಂತಪುರದ ಎಸ್.ಟಿ. ಸೋಮಶೇಖರ್, ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ, ರಾಜರಾಜೇಶ್ವರಿನಗರದ ಮುನಿರತ್ನ ಇದ್ದರು. ಶಿವಾಜಿನಗರದ ರೋಷನ್ ಬೇಗ್ ಕೂಡ ರಾಜೀನಾಮೆ ಕೊಟ್ಟರು. ಬಿಟಿಎಂ ಲೇಔಟ್‌ನ ರಾಮಲಿಂಗಾರೆಡ್ಡಿ ಕೊಟ್ಟಿದ್ದ ಪತ್ರವನ್ನು ವಾಪಸ್ ಪಡೆದರು.

ವಾಪಸ್ ಪಡೆಯಲು ಹೇಗೆ ಸಾಧ್ಯ? ಪತ್ರ ಕೊಟ್ಟ ಕೂಡಲೇ ಸ್ಥಾನ ಖಾಲಿ ಆಗುವುದಿಲ್ಲ. ಸ್ಪೀಕರ್ ಒಪ್ಪಬೇಕು. 1974ರಲ್ಲಿ ಗುಜರಾತಿನ ಚಳವಳಿಯ ವೇಳೆ ಜನ ಶಾಸಕರ ಮೇಲೆ ಒತ್ತಡ ಹಾಕಿ ರಾಜೀನಾಮೆ ಬರೆಸಿಕೊಂಡಿದ್ದರು. ಅದರ ನಂತರ 33ನೇ ತಿದ್ದುಪಡಿ ಬಂತು. ರಾಜೀನಾಮೆ ಸ್ವಂತ ಇಚ್ಛೆಯದೇ, ನಿಜವಾದದ್ದೇ ಎಂದು ಸ್ಪೀಕರ್ ನೋಡಬೇಕು ಎನ್ನುವ ಮಾತು ಸೇರಿತು. ಜನರ ಒತ್ತಡದಿಂದ ಶಾಸಕರನ್ನು ಕಾಪಾಡಲು ಮಾಡಿದ ಈ ನಿಯಮ 2019ರಲ್ಲಿ ಒಂದು ಸರ್ಕಾರದ ಅಳಿವು ಉಳಿವಿನ ಪ್ರಶ್ನೆಯಾಯಿತು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ರಾಜೀನಾಮೆಗಳನ್ನು ಒಪ್ಪದೆ 17 ಜನರನ್ನು ಅನರ್ಹಗೊಳಿಸಿದರು.

ಆದರೆ ಅಷ್ಟರಲ್ಲಿ ಸರ್ಕಾರ ಬಿದ್ದಿತ್ತು. ಜುಲೈ 23ರ ವಿಶ್ವಾಸಮತದಲ್ಲಿ ಪರವಾಗಿ 99, ವಿರುದ್ಧ 105. ಅನರ್ಹತೆಯ ಬಳಿಕ ಸದನದ ಬಲ 207ಕ್ಕೆ ಇಳಿಯಿತು, ಬಹುಮತಕ್ಕೆ 104 ಸಾಕಾಯಿತು. ಚುನಾವಣೆಯಲ್ಲಿ 113 ಮುಟ್ಟದಿದ್ದ ಬಿಜೆಪಿಗೆ, ಒಬ್ಬರೂ ಹೊಸದಾಗಿ ಸೇರದೆ, ಬಹುಮತ ಬಂತು.

ಈ ಅವಧಿ ಮುಗಿಯುವ ತನಕ, ಅಂದರೆ 2023ರವರೆಗೆ, ಅನರ್ಹರು ಸ್ಪರ್ಧಿಸುವಂತಿಲ್ಲ ಎಂದೂ ಸ್ಪೀಕರ್ ಹೇಳಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧೆಯ ನಿಷೇಧವನ್ನು ತೆಗೆದುಹಾಕಿತು. ಅಷ್ಟು ಕಾಲ ಹೊರಗಿಡುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿ, ಇಲ್ಲದ ಅಧಿಕಾರ ಇಲ್ಲವೇ ಇಲ್ಲ. ಮರುದಿನವೇ 16 ಜನ ಬಿಜೆಪಿ ಸೇರಿದರು.

ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ. ಬಿಜೆಪಿ 12 ಗೆದ್ದಿತು, ಕಾಂಗ್ರೆಸ್ 2, ಹೊಸಕೋಟೆಯಲ್ಲಿ ಪಕ್ಷೇತರ ಶರತ್ ಬಚ್ಚೇಗೌಡ. ಬೆಂಗಳೂರಿನಲ್ಲಿ ಬಸವರಾಜ್, ಸೋಮಶೇಖರ್, ಗೋಪಾಲಯ್ಯ ಮೂವರೂ ಗೆದ್ದು ಮುಂದೆ ಮಂತ್ರಿಗಳಾದರು. ರೋಷನ್ ಬೇಗ್ ಕಣದಲ್ಲಿ ಇರಲಿಲ್ಲ, ಶಿವಾಜಿನಗರ ಕಾಂಗ್ರೆಸ್ಸಿನ ರಿಜ್ವಾನ್ ಅರ್ಷದ್ ಪಾಲಾಯಿತು. ನನ್ನನ್ನು ಜಾಸ್ತಿ ಕಾಡುವುದು ಮತದಾನದ ಪ್ರಮಾಣ. ಹೊಸಕೋಟೆಯಲ್ಲಿ ನೂರಕ್ಕೆ 90 ಜನ ಬಂದು ಮತ ಹಾಕಿದರು. ಪಕ್ಕದ ಕೆ.ಆರ್. ಪುರದಲ್ಲಿ ಅರ್ಧದಷ್ಟು ಜನವೂ ಬರಲಿಲ್ಲ. ನಗರದವರಿಗೆ ಸೋಮಾರಿತನ ಎಂದು ಬೈಯುವುದು ಸುಲಭ. ಒಂದೂವರೆ ವರ್ಷದ ಹಿಂದೆ ಹಾಕಿದ ಮತಕ್ಕೆ ಬೆಲೆ ಸಿಗಲಿಲ್ಲ ಅಂತ ಅನಿಸಿದರೆ ಮತ್ತೆ ಸಾಲಲ್ಲಿ ನಿಲ್ಲಲು ಮನಸ್ಸು ಬರೋದು ಕಷ್ಟ ಅಲ್ವಾ?

ಸೋತವರ ಕಥೆಯಿಂದ 2003ರ ನಿಯಮದ ಹಲ್ಲು ಎಷ್ಟು ಗಟ್ಟಿ ಎಂದು ತಿಳಿಯಿತು. ಹುಣಸೂರಿನಲ್ಲಿ ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. ಇಬ್ಬರೂ ವಿಧಾನ ಪರಿಷತ್ತಿಗೆ ಬಂದರು. ನಾಗರಾಜ್ ಶಾಸಕರ ಮತದಿಂದ ಆಯ್ಕೆಯಾದವರು, ಮಂತ್ರಿಯಾದರು. ವಿಶ್ವನಾಥ್ ನಾಮನಿರ್ದೇಶನಗೊಂಡವರು. ಅವರು ಮಂತ್ರಿಯಾಗುವಂತಿಲ್ಲ ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿತು.

ರಾಜರಾಜೇಶ್ವರಿನಗರ 15 ತಿಂಗಳು ಕಾದಿದ್ದು ಯಾಕೆ? ಜನಪ್ರತಿನಿಧಿ ಕಾಯ್ದೆಯ 151ಎ ಪ್ರಕಾರ ಸ್ಥಾನ ಖಾಲಿಯಾದ ಆರು ತಿಂಗಳಲ್ಲಿ ಉಪಚುನಾವಣೆ ನಡೆಯಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಆದರೆ 2018ರ ಫಲಿತಾಂಶದ ಮೇಲೆಯೇ ಹೈಕೋರ್ಟ್‌ನಲ್ಲಿ ತಕರಾರು ಅರ್ಜಿ ಇತ್ತು. ಅನರ್ಹರಾದ ಇನ್ನೊಬ್ಬ ಶಾಸಕರ ಕ್ಷೇತ್ರ, ರಾಯಚೂರು ಜಿಲ್ಲೆಯ ಮಸ್ಕಿಯದೂ ಅದೇ ಸ್ಥಿತಿ. ಎರಡೂ ಕ್ಷೇತ್ರಗಳನ್ನು ಪಕ್ಕಕ್ಕಿಟ್ಟರು, ಅಷ್ಟರಲ್ಲಿ ಕೋವಿಡ್ ಬಂತು. ಮಸ್ಕಿಯ ಮತದಾರರಿಗೆ 2021ರ ಏಪ್ರಿಲ್‌ನಲ್ಲಿ ಸರದಿ ಬಂದಾಗ, ಪಕ್ಷ ಬದಲಿಸಿದ್ದ ಪ್ರತಾಪಗೌಡ ಪಾಟೀಲರನ್ನು ಸೋಲಿಸಿದರು.

ಆರು ತಿಂಗಳ ಈ ಅವಸರ ಬೆಂಗಳೂರಿನ ಪಾಲಿಕೆಗೆ ಸಿಗಲೇ ಇಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನವೇ ಹೇಳುತ್ತದೆ. ಆದರೂ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತವೇ ನಡೆಯಿತು.

ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ. 2008ರಿಂದ 2024ರ ತನಕ ಮಾಮೂಲಿ ಲೆಕ್ಕದಲ್ಲಿ ಅಲ್ಲಿ 4 ವಿಧಾನಸಭಾ ಚುನಾವಣೆ ಸಾಕಿತ್ತು, ನಡೆದದ್ದು 7. ಏಳರಲ್ಲೂ ಸಿ.ಪಿ. ಯೋಗೇಶ್ವರ್ ಕಣದಲ್ಲಿದ್ದರು. 2008ರಲ್ಲಿ ಕಾಂಗ್ರೆಸ್‌ನಿಂದ ಗೆಲುವು. ರಾಜೀನಾಮೆ ಕೊಟ್ಟು 2009ರಲ್ಲಿ ಬಿಜೆಪಿಯಿಂದ ಸೋಲು. ಆಗ ಗೆದ್ದ ಜೆಡಿಎಸ್ ಶಾಸಕರೂ ರಾಜೀನಾಮೆ ಕೊಟ್ಟರು, 2011ರಲ್ಲಿ ಯೋಗೇಶ್ವರ್ ಗೆದ್ದರು. 2013ರಲ್ಲಿ ಸಮಾಜವಾದಿ ಪಕ್ಷ, ಆಮೇಲೆ ಮತ್ತೆ ಬಿಜೆಪಿ. 2024ರಲ್ಲಿ ಕುಮಾರಸ್ವಾಮಿ ಮಂಡ್ಯದ ಸಂಸದರಾಗಿ ಸ್ಥಾನ ಬಿಟ್ಟಾಗ, ಯೋಗೇಶ್ವರ್ ಕಾಂಗ್ರೆಸ್‌ನಿಂದ ನಿಂತು ನಿಖಿಲ್ ಕುಮಾರಸ್ವಾಮಿ ಅವರನ್ನು 25 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ವಿಧಾನಸಭಾ ಉಪಚುನಾವಣೆಯ ಖರ್ಚು ರಾಜ್ಯದ ಬೊಕ್ಕಸದ್ದು. ಅಂದರೆ ಪ್ರತಿ ರಾಜೀನಾಮೆಯ ಬಿಲ್ ನಮ್ಮೆಲ್ಲರದು.

ಪಕ್ಷದಲ್ಲಿ ಉಸಿರುಕಟ್ಟಿದ ಶಾಸಕರು ಹೊರಬರಲಿ, ಅದು ಅವರ ಹಕ್ಕು. ಆದರೆ ತಮ್ಮ ರಾಜೀನಾಮೆಯಿಂದಲೇ ಹುಟ್ಟಿದ ಉಪಚುನಾವಣೆಯಲ್ಲಿ ತಾವೇ ನಿಲ್ಲುವಂತಿರಬಾರದು, ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಮಂತ್ರಿಯೂ ಆಗುವಂತಿರಬಾರದು. ಇದನ್ನು ಸ್ಪೀಕರ್ ಮಾಡಲಾರರು, ಕೋರ್ಟೂ ಮಾಡಲಾರದು. ಸಂಸತ್ತೇ ಬರೆಯಬೇಕು. 2019ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹತ್ತನೇ ಅನುಸೂಚಿಯ ಕೆಲವು ಅಂಶಗಳನ್ನು ಬಲಪಡಿಸುವ ಬಗ್ಗೆ ಸಂಸತ್ತು ಯೋಚಿಸಬೇಕು ಎಂದಿತ್ತು. ಆ ಅನುಸೂಚಿಗೆ ದೊಡ್ಡ ತಿದ್ದುಪಡಿ ಆಗಿದ್ದು 2003ರಲ್ಲಿ.