ಪಾರ್ಕಿನ್ಸನ್ ನಡಿಗೆ: ವರ್ಷಗಟ್ಟಲೆ ಬೆನ್ನು ಹತ್ತಿದರೆ ಕಾಣುವುದು

"ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡಿಗೆ ನಿಧಾನವಾಗುತ್ತದೆ." ವಾಕ್ಯ ಸರಿಯೇ, ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ವಯಸ್ಸಾದರೂ ನಡಿಗೆ ನಿಧಾನವಾಗುತ್ತದೆ, ಮಂಡಿ ಸವೆದರೂ ಆಗುತ್ತದೆ, ಬಿದ್ದೇನು ಎಂಬ ಭಯ ಹೊಕ್ಕರೂ ಆಗುತ್ತದೆ. ಹಾಗಾಗಿ ಈ ವಿಷಯ ಓದಲು ಕೂತಾಗ ಮೊದಲು 'ವೇಗ'ವನ್ನೇ ಬಿಡಿಸಿ ನೋಡಬೇಕು. ಹೆಜ್ಜೆಯ ಉದ್ದವನ್ನು ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದರೆ ವೇಗ ಸಿಗುತ್ತದೆ. ಈ ಎರಡರಲ್ಲಿ ಕೆಟ್ಟಿರುವುದು ಯಾವುದು?

1990ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಗ್ ಮಾರಿಸ್, ರಾಬರ್ಟ್ ಇಯಾನ್ಸೆಕ್ ಮತ್ತು ಜೊತೆಗಾರರು ಇದೇ ಪ್ರಶ್ನೆಯ ಹಿಂದೆ ಬಿದ್ದರು. ಅವರಿಗೆ ಕಂಡದ್ದು: ಲಯವನ್ನು ಹೆಚ್ಚು ಕಡಿಮೆ ಮಾಡುವುದು ರೋಗಿಗಳಿಗೆ ಬರುತ್ತದೆ, ಹೆಜ್ಜೆಯ ಉದ್ದವೇ ಕೈಕೊಡುತ್ತದೆ. ಉದ್ದ ಸಾಲದಾದಾಗ ಬೇಗ ಬೇಗ ಹೆಜ್ಜೆ ಇಟ್ಟು ಸರಿದೂಗಿಸುತ್ತಾರೆ. ಆದರೆ ಅದೇ ವ್ಯಕ್ತಿಯ ಮುಂದೆ ನೆಲದ ಮೇಲೆ ಸರಿಯಾದ ಅಂತರದಲ್ಲಿ ಅಡ್ಡಗೆರೆಗಳನ್ನು ಹಾಕಿ, ಒಂದೊಂದರ ಮೇಲೂ ಕಾಲಿಡಿ ಎಂದರೆ ಹೆಜ್ಜೆ ಬಹುಮಟ್ಟಿಗೆ ಮಾಮೂಲಿ ಉದ್ದಕ್ಕೆ ಬರುತ್ತದೆ. ಅಂದರೆ ದೊಡ್ಡ ಹೆಜ್ಜೆ ಇಡುವ ಶಕ್ತಿ ಕಾಲಿನಲ್ಲಿ ಇದೆ. ಯೋಚಿಸದೆ, ತನ್ನಷ್ಟಕ್ಕೆ ತಾನೇ ಅಷ್ಟು ದೊಡ್ಡ ಹೆಜ್ಜೆ ಹೊರಡುವುದು ನಿಂತಿದೆ. ಮಿದುಳಿನ ಆಳದಲ್ಲಿದ್ದು ಚಲನೆಯನ್ನು ನಿಭಾಯಿಸುವ ಬೇಸಲ್ ಗ್ಯಾಂಗ್ಲಿಯಾ ಮಾಡಿಕೊಡುತ್ತಿದ್ದ ಈ ಕೆಲಸವನ್ನು ಈಗ ಕಣ್ಣು ಮತ್ತು ಗಮನ ಸೇರಿ ಮಾಡಬೇಕು. ನಡೆಯುತ್ತಿರುವಾಗಲೇ ಒಂದು ಲೆಕ್ಕ ಕೇಳಿದರೆ ಹೆಜ್ಜೆ ಮತ್ತೆ ಕುಗ್ಗುವುದು ಇದಕ್ಕೇ. ಗಮನ ಆ ಕಡೆ ಹೋಯಿತು, ನಡಿಗೆಗೆ ಉಳಿಯಲಿಲ್ಲ.

ಮಾತ್ರೆ ಏನನ್ನು ಸರಿಪಡಿಸುತ್ತದೆ, ಏನನ್ನು ಬಿಡುತ್ತದೆ

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವ ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕವನ್ನು ತುಂಬಿಕೊಡುವ ಮುಖ್ಯ ಮಾತ್ರೆ ಲೆವೊಡೋಪಾ. ಅದನ್ನು ಕೊಟ್ಟಾಗ ಹೆಜ್ಜೆಯ ಉದ್ದ, ವೇಗ, ಕೈಬೀಸು ಸುಧಾರಿಸುತ್ತವೆ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಆಗುವ ಸಮಯದ ಏರುಪೇರು ಅಷ್ಟಾಗಿ ಸುಧಾರಿಸುವುದಿಲ್ಲ. ದೇಹ ಓಲಾಡಿದಾಗ ಸಾವರಿಸಿಕೊಳ್ಳುವ ಸಾಮರ್ಥ್ಯದ ಕಥೆಯೂ ಅದೇ. ಹೊರಗಿನಿಂದ ನೋಡುವವರಿಗೆ ಇವೆಲ್ಲ ಸೇರಿ ಒಂದೇ ನಡಿಗೆ. ಆದರೆ ಮಿದುಳಿನಲ್ಲಿ ಇವುಗಳ ಹಿಂದಿರುವ ಜಾಲಗಳು ಬೇರೆ ಬೇರೆ, ಅವು ಕೆಡುವ ವೇಗವೂ ಬೇರೆ.

ಡೋಪಮೈನ್ ಬಿಟ್ಟರೆ ಹೆಚ್ಚು ಅನುಮಾನ ಬಿದ್ದಿರುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ನರಸಂದೇಶದ ರಾಸಾಯನಿಕದ ಜಾಲದ ಮೇಲೆ. ಮಿದುಳುಕಾಂಡದಲ್ಲಿರುವ ಪೆಡಂಕ್ಯುಲೊಪಾಂಟೈನ್ ನ್ಯೂಕ್ಲಿಯಸ್ (ಹೆಸರು ಬಾಯಿಗೆ ಕೂರಲು ಸಮಯ ಬೇಕು, ಆದರೆ ಕಲಿಯಲೇಬೇಕು) ಮತ್ತು ಮುಮ್ಮಿದುಳಿನ ತಳಭಾಗದಿಂದ ಹೊರಡುವ ನರಗಳು ಈ ಜಾಲಕ್ಕೆ ಸೇರಿದವು. ಒಂದು ಭಂಗಿ ಮತ್ತು ಸಮತೋಲನಕ್ಕೆ ಹತ್ತಿರ, ಇನ್ನೊಂದು ಗಮನಕ್ಕೆ ಹತ್ತಿರ. 2016ರಲ್ಲಿ ಎಮಿಲಿ ಹೆಂಡರ್ಸನ್ ಮತ್ತು ಸಹೋದ್ಯೋಗಿಗಳು ಬ್ರಿಟನ್ನಿನಲ್ಲಿ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಹಿಂದಿನ ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದ 130 ಪಾರ್ಕಿನ್ಸನ್ ರೋಗಿಗಳಲ್ಲಿ ಒಂದು ಗುಂಪಿಗೆ ರಿವಾಸ್ಟಿಗ್ಮಿನ್, ಇನ್ನೊಂದಕ್ಕೆ ಹುಸಿ ಮಾತ್ರೆ, 32 ವಾರ. ಅಸಿಟೈಲ್‌ಕೋಲಿನ್ ಒಡೆದು ಹೋಗದಂತೆ ತಡೆಯುವ ಈ ಮದ್ದು ಪಡೆದವರಲ್ಲಿ ಹೆಜ್ಜೆಸಮಯದ ಏರುಪೇರು ತಗ್ಗಿತು. ಪ್ರಯೋಗದ ಮುಖ್ಯ ಅಳತೆಯಾಗಿ ವೇಗವನ್ನು ಬಿಟ್ಟು ಏರುಪೇರನ್ನು ಆರಿಸಿಕೊಂಡದ್ದೇ ಗಮನಿಸಬೇಕಾದ ಸಂಗತಿ. ಬೀಳುವುದಕ್ಕೂ ಏರುಪೇರಿಗೂ ಇರುವ ನಂಟು ಅದಕ್ಕೂ ಮುಂಚಿನ ಅಧ್ಯಯನಗಳಲ್ಲಿ ಕಂಡಿತ್ತು.

ಫ್ರೀಜಿಂಗ್

ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಯಿತು ಎಂದು ರೋಗಿಗಳು ಹೇಳುವುದು ಇದನ್ನೇ. ನಡೆಯುವ ಉದ್ದೇಶ ಇದ್ದೂ ಪಾದ ಮುಂದೆ ಸಾಗುವುದು ಕೆಲ ಕ್ಷಣ ನಿಂತುಹೋಗುವುದು ಅಥವಾ ತೀರಾ ಕಡಿಮೆಯಾಗುವುದು ಅದರ ಲಕ್ಷಣ. ಹೊರಡುವಾಗ, ತಿರುಗುವಾಗ, ಬಾಗಿಲು ದಾಟುವಾಗ ಹೆಚ್ಚು. ಕಾಲು ಸುಮ್ಮನೆ ನಿಂತಿರುತ್ತದೆ ಎಂದುಕೊಳ್ಳಬೇಡಿ, ಎಷ್ಟೋ ಸಲ ಮಂಡಿ ಸಣ್ಣಗೆ ನಡುಗುತ್ತಿರುತ್ತದೆ. 2008ರಲ್ಲಿ ಸ್ಟೀವನ್ ಮೂರ್ ಮತ್ತು ಸಂಗಡಿಗರು ಈ ನಡುಕವನ್ನೇ ಅಳತೆಯಾಗಿ ಬಳಸಿಕೊಂಡರು. ಕಾಲಿಗೆ ಕಟ್ಟಿದ ಸೆನ್ಸರಿನ ಸಂಕೇತದಲ್ಲಿ 3ರಿಂದ 8 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲದ ಅಲುಗಾಟ) ಪಟ್ಟಿಯ ಶಕ್ತಿಯನ್ನು 0.5ರಿಂದ 3 ಹರ್ಟ್ಸ್ ಪಟ್ಟಿಯ ಶಕ್ತಿಗೆ ಹೋಲಿಸುವುದು. ಮೊದಲನೆಯದು ನಡುಕ, ಎರಡನೆಯದು ನಡಿಗೆ. ಅನುಪಾತ ಏರಿದರೆ ಫ್ರೀಜಿಂಗ್.

ಇಷ್ಟು ಸರಳ ಉಪಾಯ ಯಾಕೆ ಬೇಕಾಯಿತು? ಫ್ರೀಜಿಂಗ್ ವೈದ್ಯರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಪರೀಕ್ಷೆಯ ಕೋಣೆಗೆ ಬಂದಾಗ ರೋಗಿ ಪೂರ್ತಿ ಗಮನ ಇಟ್ಟು ನಡೆಯುತ್ತಾನೆ, ಗಮನವೇ ತಾತ್ಕಾಲಿಕ ಮದ್ದಾಗಿಬಿಡುತ್ತದೆ. ಮನೆಯವರು 'ದಿನಾ ಸಿಕ್ಕಿಹಾಕಿಕೊಳ್ಳುತ್ತಾರೆ' ಎನ್ನುತ್ತಾರೆ, ವೈದ್ಯರ ಮುಂದೆ ಏನೂ ಕಾಣುವುದಿಲ್ಲ. ಇಬ್ಬರೂ ಹೇಳುತ್ತಿರುವುದು ನಿಜವೇ.

2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಂಕೆ ಸ್ನೈಡರ್ಸ್ ಮತ್ತು ಬಾಸ್ ಬ್ಲೂಮ್ ವರದಿ ಮಾಡಿದ 58 ವರ್ಷದ ರೋಗಿಯ ಪ್ರಸಂಗ ನರವಿಜ್ಞಾನ ಓದುವವರಿಗೆಲ್ಲ ಪರಿಚಿತ. ಕೆಲವು ಹೆಜ್ಜೆ ನಡೆಯುವುದೂ ಕಷ್ಟವಾಗಿದ್ದ ಆ ವ್ಯಕ್ತಿ ಸೈಕಲ್ ಹತ್ತಿ ಸಲೀಸಾಗಿ ತುಳಿದುಕೊಂಡು ಹೋದ. ಇಳಿದ ಮೇಲೆ ಮತ್ತೆ ಕಾಲು ಕಟ್ಟಿಹೋಯಿತು. ತಿರುಗುವ ಪೆಡಲು ಹೊರಗಿನಿಂದ ಲಯ ಕೊಡುತ್ತಿರಬಹುದು ಎನ್ನುವುದು ಅವರು ಮುಂದಿಟ್ಟ ಒಂದು ವಿವರಣೆ. ಈ ಸೈಕಲ್ ಕೆಳಗೆ ಇನ್ನೊಮ್ಮೆ ಬರುತ್ತದೆ.

ದೀರ್ಘ ಅಧ್ಯಯನಗಳನ್ನು ಓದುವ ಬಗೆ

ಅಮೆರಿಕದ ಡೇಟಾಟಾಪ್ ಪ್ರಯೋಗದಲ್ಲಿ ಸೇರಿದ್ದವರು ಕಾಯಿಲೆಯ ಆರಂಭದಲ್ಲಿದ್ದವರು, ಇನ್ನೂ ಲೆವೊಡೋಪಾ ಬೇಕಾಗದವರು. ಆ ಮಾಹಿತಿಯನ್ನು ನಿರ್ ಗಿಲಾಡಿ ಮತ್ತು ತಂಡ 2001ರಲ್ಲಿ ವಿಶ್ಲೇಷಿಸಿದಾಗ, ಸೇರುವಾಗಲೇ ಸುಮಾರು 7% ಜನರಿಗೆ ಫ್ರೀಜಿಂಗ್ ಇತ್ತು, ಅನುಸರಣೆಯ ಕೊನೆಗೆ ಅದು 26% ಆಗಿತ್ತು. ಫ್ರೀಜಿಂಗ್ ಕಾಯಿಲೆ ಬಲಿತ ಮೇಲಷ್ಟೇ ಬರುತ್ತದೆ, ಅದು ಮಾತ್ರೆಯ ಅಡ್ಡಪರಿಣಾಮ ಎಂದೆಲ್ಲ ಇದ್ದ ಊಹೆಗಳನ್ನು ಅಲ್ಲಗಳೆಯಲು ಆ 7% ಒಂದೇ ಸಾಕು.

ಇನ್ನೊಂದು ತುದಿಯಲ್ಲಿ ಸಿಡ್ನಿಯ ಬಹುಕೇಂದ್ರ ಅಧ್ಯಯನವಿದೆ. 1980ರ ದಶಕದಲ್ಲಿ ಹೊಸದಾಗಿ ರೋಗನಿರ್ಣಯವಾದವರನ್ನು ಸೇರಿಸಿಕೊಂಡು ಇಪ್ಪತ್ತು ವರ್ಷ ಹಿಂಬಾಲಿಸಿದರು. 2008ರಲ್ಲಿ ಮೇರಿಯೀಸ್ ಹೀಲಿ ಮತ್ತು ಸಹೋದ್ಯೋಗಿಗಳು ಬರೆದಂತೆ, 81% ಜನರಲ್ಲಿ ಫ್ರೀಜಿಂಗ್, 87% ಜನರಲ್ಲಿ ಬೀಳುವಿಕೆ, 35% ಜನರಲ್ಲಿ ಮೂಳೆ ಮುರಿತ ಕಂಡಿತು. ಆ ಹೊತ್ತಿಗೆ ಮುಖ್ಯ ತೊಂದರೆಗಳೆಲ್ಲ ಲೆವೊಡೋಪಾಗೆ ಜಗ್ಗದವು ಎಂದೂ ಹೇಳಿದರು.

ಈ ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಮುಂಚೆ ಒಂದು ನಿಮಿಷ ನಿಲ್ಲಿ. ಶುರುವಿನಲ್ಲಿದ್ದ 136 ಜನರಲ್ಲಿ 100 ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಹಾಗಿದ್ದ ಮೇಲೆ '81% ಪಾರ್ಕಿನ್ಸನ್ ರೋಗಿಗಳಿಗೆ ಫ್ರೀಜಿಂಗ್ ಬರುತ್ತದೆ' ಎಂದು ಬರೆಯುವುದು ತಪ್ಪಾಗುತ್ತದೆ. ಇಪ್ಪತ್ತು ವರ್ಷ ಬದುಕಿ ಉಳಿದವರ ಲೆಕ್ಕ ಅದು. ಇಂತಹ ಅಧ್ಯಯನಗಳಲ್ಲಿ ನಡುವೆ ಕೈಬಿಡುವವರೂ ಸಾಮಾನ್ಯವಾಗಿ ಹೆಚ್ಚು ಕಾಯಿಲೆಯಾದವರೇ, ಏಕೆಂದರೆ ನಡೆಯಲಾಗದವರಿಗೆ ನಡಿಗೆ ಪ್ರಯೋಗಾಲಯಕ್ಕೆ ಬರುವುದೇ ಕಷ್ಟ. ಉಳಿದವರ ಸರಾಸರಿ ಹಾಗಾಗಿ ನಿಜಕ್ಕಿಂತ ಚೆನ್ನಾಗಿ ಕಾಣಬಹುದು. ಮಾತ್ರೆಯ ಪ್ರಮಾಣವೂ ವರ್ಷ ವರ್ಷ ಏರುತ್ತದೆ. ಹಾಗಾಗಿ ಮಾತ್ರೆ ಕೆಲಸ ಮಾಡುತ್ತಿರುವ 'ಆನ್' ಹೊತ್ತಿನಲ್ಲಿ ಅಳೆದರೋ, ರಾತ್ರಿಯಿಡೀ ಮಾತ್ರೆ ಬಿಟ್ಟು 'ಆಫ್' ಹೊತ್ತಿನಲ್ಲಿ ಅಳೆದರೋ ಎನ್ನುವುದು ತಿಳಿಯದೆ ಎರಡು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಇಡಲಾಗದು. ಅದೇ ವಯಸ್ಸಿನ ಆರೋಗ್ಯವಂತರನ್ನೂ ಅಷ್ಟೇ ವರ್ಷ ಹಿಂಬಾಲಿಸದಿದ್ದರೆ ವಯಸ್ಸಿನ ಪಾಲು, ಕಾಯಿಲೆಯ ಪಾಲು ಬೇರೆ ಮಾಡುವುದೂ ಕಷ್ಟ.

ಹಿಮ್ಮುಖವಾಗಿ, ಅಂದರೆ ರೋಗನಿರ್ಣಯಕ್ಕೂ ಮುಂಚಿನ ವರ್ಷಗಳತ್ತ ನೋಡಿದ ಅಧ್ಯಯನ ಜರ್ಮನಿಯ ಟ್ಯೂಬಿಂಗನ್‌ನದ್ದು. 696 ಆರೋಗ್ಯವಂತರ ಸೊಂಟದ ಹಿಂಭಾಗಕ್ಕೆ ಸೆನ್ಸರ್ ಕಟ್ಟಿ ಎರಡು ವರ್ಷಕ್ಕೊಮ್ಮೆ ನಡೆಸಿದರು. ಅವರಲ್ಲಿ 16 ಜನರಿಗೆ ಮುಂದೆ ಪಾರ್ಕಿನ್ಸನ್ ಕಾಣಿಸಿಕೊಂಡಿತು. ರೋಗನಿರ್ಣಯಕ್ಕೆ ಸುಮಾರು ನಾಲ್ಕು ವರ್ಷ ಮೊದಲೇ ಅವರ ನಡಿಗೆ ಉಳಿದವರಿಂದ ಬೇರೆಯಾಗಲು ತೊಡಗಿತ್ತು. ಹೆಜ್ಜೆಸಮಯದ ಏರುಪೇರು ಮತ್ತು ಎಡಬಲ ಕಾಲುಗಳ ವ್ಯತ್ಯಾಸ ಮುಖ್ಯ ಸುಳಿವುಗಳು. 2019ರಲ್ಲಿ ಸಿಲ್ವಿಯಾ ಡೆಲ್ ದಿನ್ ಮೊದಲ ಲೇಖಕಿಯಾಗಿ ಇದು ಪ್ರಕಟವಾಯಿತು. 16 ಸಣ್ಣ ಸಂಖ್ಯೆ. ಆದರೆ 16 ಜನರಿಗಾಗಿ 696 ಜನರನ್ನು ವರ್ಷಗಟ್ಟಲೆ ಕರೆಸಬೇಕಾಯಿತು ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹತ್ತಿರದ ಕಾಯಿಲೆಗಳು

ಪಾರ್ಕಿನ್ಸನ್ ಎಂದೇ ತಪ್ಪು ತಿಳಿಯಬಹುದಾದ ಮಿದುಳಿನ ಕಾಯಿಲೆಗಳು ಕೆಲವಿವೆ. ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಯಲ್ಲಿ (1964ರಲ್ಲಿ ಸ್ಟೀಲ್, ರಿಚರ್ಡ್ಸನ್, ಒಲ್ಶೆವ್‌ಸ್ಕಿ ವಿವರಿಸಿದ್ದು) ಬೀಳುವುದು ಬಹಳ ಬೇಗ ಶುರುವಾಗುತ್ತದೆ, ಅದೂ ಹೆಚ್ಚಾಗಿ ಹಿಂದಕ್ಕೆ. ಕತ್ತು ನೆಟ್ಟಗೆ, ನೋಟ ಕೆಳಗೆ ಇಳಿಯದು. ಪಾರ್ಕಿನ್ಸನ್‌ನಲ್ಲಿ ಬೀಳುವಿಕೆ ಸಾಮಾನ್ಯವಾಗಿ ವರ್ಷಗಳ ನಂತರದ ಮಾತು. ಮೊದಲ ವರ್ಷದಲ್ಲೇ ಪದೇ ಪದೇ ಬೀಳುತ್ತಿದ್ದರೆ ರೋಗನಿರ್ಣಯವನ್ನೇ ಮತ್ತೆ ನೋಡಬೇಕು. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲಿ ಕಿರುಮಿದುಳು ಸೇರಿಕೊಂಡರೆ ಪಾದಗಳ ನಡುವಿನ ಅಂತರ ಹೆಚ್ಚುತ್ತದೆ. ಪಾರ್ಕಿನ್ಸನ್‌ನಲ್ಲಿ ಹೆಜ್ಜೆ ಚಿಕ್ಕದಾದರೂ ಪಾದಗಳು ಹತ್ತಿರವೇ ಇರುತ್ತವೆ.

ಈಗ ಸೈಕಲ್ಲಿಗೆ. ಪಾರ್ಕಿನ್ಸನ್ ಇರುವವರಲ್ಲಿ ಅನೇಕರು ಸೈಕಲ್ ತುಳಿಯುವುದನ್ನು ಬಹುಕಾಲ ಉಳಿಸಿಕೊಳ್ಳುತ್ತಾರೆ, ಮೇಲಿನ ಎರಡು ಕಾಯಿಲೆಗಳಲ್ಲಿ ಅದು ಬೇಗ ತಪ್ಪಿಹೋಗುತ್ತದೆ. ಪಕ್ಕಕ್ಕೆ ವಾಲದಂತೆ ಸಮತೋಲನ ಹಿಡಿಯುವುದು ಆ ಕಾಯಿಲೆಗಳಲ್ಲಿ ಮೊದಲೇ ಕೆಡುತ್ತದೆ. 'ಕಾಯಿಲೆ ಶುರುವಾದ ಮೇಲೆ ಸೈಕಲ್ ಬಿಟ್ಟಿರಾ?' ಎಂಬ ಒಂದು ಪ್ರಶ್ನೆಗೆ ಅಷ್ಟು ಬೆಲೆ. ಮೊದಲಿಂದಲೂ ಸೈಕಲ್ ತುಳಿಯುತ್ತಿದ್ದವರನ್ನು ಮಾತ್ರ ಕೇಳಬೇಕು ಅನ್ನುವುದು ಬೇರೆ ಮಾತು.

ಮಿದುಳಿನ ಕುಹರಗಳಲ್ಲಿ ದ್ರವ ಹೆಚ್ಚಾಗಿ ತುಂಬಿಕೊಳ್ಳುವ ನಾರ್ಮಲ್ ಪ್ರೆಶರ್ ಹೈಡ್ರೊಸೆಫಾಲಸ್ ಅನ್ನು ಬಿಡುವ ಹಾಗಿಲ್ಲ, ಏಕೆಂದರೆ ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ಪಾದ ನೆಲ ಬಿಡದ ಚಿಕ್ಕ ಹೆಜ್ಜೆ, ಅಗಲವಾಗಿಟ್ಟ ಕಾಲು, ಜೊತೆಗೆ ಮೂತ್ರದ ಮೇಲೆ ಹಿಡಿತ ತಪ್ಪುವುದು, ಬುದ್ಧಿ ಮಂಕಾಗುವುದು. ಬೆನ್ನಿನಿಂದ 30–50 ಮಿ.ಲೀ. ದ್ರವ ತೆಗೆದು, ಮುಂಚೆ ಮತ್ತು ಆಮೇಲೆ ನಡಿಗೆ ಅಳೆಯುತ್ತಾರೆ. ಸುಧಾರಿಸಿದರೆ ಷಂಟ್ (ದ್ರವವನ್ನು ಹೊರಹರಿಸುವ ಕೊಳವೆ) ಹಾಕುವ ಯೋಚನೆ.

ಅಳತೆ ಎಲ್ಲಿ ಮಾಡಬೇಕು ಎಂಬ ಚರ್ಚೆ ಈಗ ಪ್ರಯೋಗಾಲಯದಿಂದ ಹೊರಗೆ ಬಂದಿದೆ. ಮನೆಯೊಳಗಿನ ನಡಿಗೆಯಲ್ಲಿ ಬಹುಪಾಲು ಕೆಲವೇ ಸೆಕೆಂಡುಗಳದ್ದು, ತಿರುವುಗಳಿಂದ ತುಂಬಿದ್ದು. ಹತ್ತು ಮೀಟರ್ ನೇರ ಹಾದಿಯಲ್ಲಿ ಸಿಕ್ಕ ವೇಗ ಅದನ್ನು ಹೇಳುವುದಿಲ್ಲ. 2019ರಲ್ಲಿ ಶುರುವಾದ ಯುರೋಪಿನ ಮೊಬಿಲೈಸ್-ಡಿ ಯೋಜನೆ, ನ್ಯೂಕಾಸಲ್‌ನ ಲಿನ್ ರೊಚೆಸ್ಟರ್ ನೇತೃತ್ವದಲ್ಲಿ, ಪಾರ್ಕಿನ್ಸನ್ ಜೊತೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಮುಂತಾದ ಕಾಯಿಲೆಗಳಲ್ಲೂ ದಿನನಿತ್ಯದ ನಡಿಗೆಯನ್ನೇ ಸೆನ್ಸರಿನಿಂದ ಅಳೆಯಲು ಹೊರಟಿತು. ಔಷಧ ನಿಯಂತ್ರಕರು ಒಪ್ಪುವ ಅಳತೆಯಾಗಬೇಕು ಎನ್ನುವುದು ಅದರ ಗುರಿಯಾಗಿತ್ತು.

ಚಿಕಿತ್ಸೆಯ ಕಡೆಯಿಂದ ಒಂದೇ ಒಂದು ಸಂಗತಿ. 2023ರಲ್ಲಿ ಲೊಸಾನ್‌ನ ಗ್ರೆಗ್ವಾರ್ ಕೂರ್ಟೀನ್, ಜೊಸ್ಲಿನ್ ಬ್ಲಾಕ್ ಮತ್ತು ತಂಡ, ಸುಮಾರು ಮೂವತ್ತು ವರ್ಷಗಳಿಂದ ಪಾರ್ಕಿನ್ಸನ್ ಇದ್ದ ಒಬ್ಬ ರೋಗಿಯ ಬೆನ್ನುಹುರಿಯ ಕೆಳಭಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು ನಡಿಗೆಯ ಸಮತೋಲನ ಮತ್ತು ಫ್ರೀಜಿಂಗ್ ಸುಧಾರಿಸಿದ್ದನ್ನು ವರದಿ ಮಾಡಿತು. ಮಿದುಳಿನ ಆಳದ ಪ್ರಚೋದನೆ (ಒಳಗೆ ಇಳಿಸಿದ ತಂತಿಯಿಂದ ಕೊಡುವ ವಿದ್ಯುತ್) ಆ ರೋಗಿಗೆ ಮೊದಲೇ ಇತ್ತು, ಅದರ ಮೇಲೆ ಬಂದ ಸುಧಾರಣೆ ಇದು. ಒಬ್ಬರ ಫಲಿತಾಂಶವನ್ನು ಒಬ್ಬರದ್ದೆಂದೇ ಓದಬೇಕು. ಆದರೂ ಗುರಿಯನ್ನು ಡೋಪಮೈನ್ ಜಾಲದಿಂದ ಅಷ್ಟು ಕೆಳಗೆ, ಕಾಲಿನ ಸ್ನಾಯುಗಳನ್ನು ಆಡಿಸುವ ನರಗಳು ಹೊರಡುವಲ್ಲಿಗೇ ಒಯ್ದದ್ದು ಮಾತ್ರೆಗೆ ಜಗ್ಗದ ಆ ಪಾಲನ್ನು ಹಿಡಿಯುವ ಇನ್ನೊಂದು ದಾರಿ.