‘ಓಲ್ಡ್ ಹ್ಯಾಂಡ್’ ಯಾರು? ಕೈದಿಗಳ ಕಾಲದ ಆಸ್ಟ್ರೇಲಿಯಾದ ಆಡುಮಾತು

ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯಾದ ಪತ್ರಿಕೆಯೊಂದು ಯಾರನ್ನಾದರೂ ‘ಓಲ್ಡ್ ಹ್ಯಾಂಡ್’ ಎಂದು ಕರೆದಿದ್ದರೆ, ಆತ ಆ ನೆಲದಲ್ಲಿ ಪಳಗಿದ ವಲಸಿಗನೋ ಶಿಕ್ಷೆ ಮುಗಿಸಿದ ಕೈದಿಯೋ ಎಂಬುದು ಒಮ್ಮೆಗೇ ತಿಳಿಯುವುದಿಲ್ಲ. ಎರಡೂ ಅರ್ಥಗಳು ಏಕಕಾಲಕ್ಕೆ ಬಳಕೆಯಲ್ಲಿದ್ದವು.

1788ರಿಂದ 1868ರವರೆಗೆ ಸುಮಾರು 1,60,000 ಕೈದಿಗಳು ಆಸ್ಟ್ರೇಲಿಯಾಕ್ಕೆ ಗಡೀಪಾರಾದರು. ಅವರೊಂದಿಗೆ ‘ಫ್ಲ್ಯಾಶ್’ ಎಂಬ ಲಂಡನ್ ಕಳ್ಳರ ಗುಪ್ತಭಾಷೆಯೂ ಹಡಗೇರಿತು. ನ್ಯಾಯಾಲಯದಲ್ಲಿ ಅದಕ್ಕೆ ದುಭಾಷಿಯ ನೆರವು ಬೇಕಾಗುತ್ತಿತ್ತೆಂದು ಸೇನಾಧಿಕಾರಿ ವಾಟ್ಕಿನ್ ಟೆಂಚ್ ದಾಖಲಿಸಿದ್ದಾನೆ. ಸ್ವತಃ ಕೈದಿಯಾಗಿದ್ದ ಜೇಮ್ಸ್ ಹಾರ್ಡಿ ವಾಕ್ಸ್ 1812ರಲ್ಲಿ ಆ ಭಾಷೆಯ ಪದಕೋಶ ರಚಿಸಿದ. ಅದರಲ್ಲಿ ‘ಚಮ್’ ಎಂದರೆ ಸಹಕೈದಿ. ಸೆರೆಗೆ ಹೊಸದಾಗಿ ಬಂದವನು ‘ನ್ಯೂ ಚಮ್’, ಬಹುಕಾಲ ಕಳೆದವನು ‘ಓಲ್ಡ್ ಚಮ್’. ‘ಲ್ಯಾಗ್’ ಎಂದರೆ ಗಡೀಪಾರಿನ ಶಿಕ್ಷೆಗೊಳಗಾದವನು.

ಈ ಪದಗಳಿಗೆ ಸಾಮಾಜಿಕ ಮೊನಚು ಬಂದದ್ದು 1810ರ ನಂತರ. ನ್ಯೂ ಸೌತ್ ವೇಲ್ಸ್ ವಸಾಹತಿನ ಗವರ್ನರ್ ಮ್ಯಾಕ್ವಾರಿಯು ಶಿಕ್ಷೆ ಮುಗಿಸಿದವರಿಗೆ ಹುದ್ದೆ ಕೊಟ್ಟು, ಅವರನ್ನು ತನ್ನ ಊಟದ ಮೇಜಿಗೂ ಕರೆದಾಗ, ಸ್ವತಂತ್ರರಾಗಿ ಬಂದ ಸಿರಿವಂತರು ಮುನಿಸಿಕೊಂಡು ದೂರ ಉಳಿದರು. ಅವರಿಗೆ ‘ಪ್ಯೂರ್ ಮೆರಿನೊ’ ಎಂಬ ಅಡ್ಡಹೆಸರು ಬಿತ್ತು. ಇದು ಅವರ ಶುದ್ಧ ತಳಿಯ ಕುರಿಗಳನ್ನು ನೆನಪಿಸುವ ಕುಹಕ. ಆ ಕುರಿಗಳನ್ನು ಕಾಯುತ್ತಿದ್ದವರಲ್ಲಿ ಬಹುಪಾಲು ಕೈದಿಗಳೇ ಆಗಿದ್ದರೆಂಬುದನ್ನು ಗಮನಿಸಿದರೆ ಕುಹಕ ಇನ್ನಷ್ಟು ಚುರುಕಾಗುತ್ತದೆ. ಇತ್ತ ಕೈದಿಗಳು ‘ಕನ್ವಿಕ್ಟ್’ ಎನಿಸಿಕೊಳ್ಳಲು ಒಪ್ಪದೆ ತಮ್ಮನ್ನು ‘ಗವರ್ನ್‌ಮೆಂಟ್ ಮ್ಯಾನ್’ ಎಂದುಕೊಂಡರು. ಅಲ್ಲೇ ಹುಟ್ಟಿದವರು ‘ಕರೆನ್ಸಿ’, ಬ್ರಿಟನ್ನಿನಲ್ಲಿ ಹುಟ್ಟಿದವರು ‘ಸ್ಟರ್ಲಿಂಗ್’ ಆದರು. ‘ಕರೆನ್ಸಿ’ ಎನ್ನುವ ಸ್ಥಳೀಯ ಪೌಂಡ್ ‘ಸ್ಟರ್ಲಿಂಗ್’ ಎನ್ನುವ ಇಂಗ್ಲೆಂಡಿನ ಪೌಂಡಿಗಿಂತ ಅಗ್ಗವಾಗಿದ್ದ ಕಾಲದಲ್ಲಿ 73ನೇ ರೆಜಿಮೆಂಟಿನ ಸಂಬಳ ವಿತರಕನೊಬ್ಬ ಈ ಹೆಸರನ್ನಿಟ್ಟನೆಂದು ನೌಕಾ ವೈದ್ಯ ಪೀಟರ್ ಕನಿಂಗ್‌ಹ್ಯಾಮ್ 1827ರಲ್ಲಿ ಬರೆದ. ಇಡೀ ಸಮಾಜವೇ ಕೈದಿಗಳ ದುಡಿಮೆಯ ಮೇಲೆ ನಿಂತಿದ್ದಾಗ, ಯಾರು ಯಾರಿಗಿಂತ ಮೇಲು ಎಂದು ಅಳೆಯಲು ಇಷ್ಟೊಂದು ಹೆಸರುಗಳು ಬೇಕಾದದ್ದು ಆಕಸ್ಮಿಕವೇನಲ್ಲ.

ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳ ಸಾಗಣೆ 1840ರಲ್ಲಿ ನಿಂತಿತು. 1851ರಲ್ಲಿ ಚಿನ್ನ ಸಿಕ್ಕ ಮೇಲೆ ವಲಸಿಗರು ಹರಿದುಬಂದು, ನೆರೆಯ ವಿಕ್ಟೋರಿಯಾ ವಸಾಹತಿನ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು 77,000ದಿಂದ 5,38,000ಕ್ಕೆ ಏರಿತು. ಸೆರೆಮನೆ ಕಾಣದ ಈ ವಲಸಿಗರೇ ಈಗ ‘ನ್ಯೂ ಚಮ್’ ಆದರು. ಅವರಿಗೆ ದಾರಿ ತೋರಿಸುವ ಅನುಭವಿ ‘ಓಲ್ಡ್ ಹ್ಯಾಂಡ್’ ಆದ, ಅವನ ಹಿಂದಿನ ಕಥೆಯನ್ನು ಕೆದಕುವುದು ಮರ್ಯಾದೆಯಲ್ಲ ಎನಿಸಿತು. ಆದರೆ ಆ ಮರ್ಯಾದೆ ಎಲ್ಲರಿಗೂ ಸಿಗಲಿಲ್ಲ. ಕೈದಿಗಳ ಮತ್ತೊಂದು ವಸಾಹತಾಗಿದ್ದ ವ್ಯಾನ್ ಡೀಮನ್ಸ್ ಲ್ಯಾಂಡ್ ದ್ವೀಪದಿಂದ ಬಂದವರನ್ನು ‘ವ್ಯಾಂಡೀಮೋನಿಯನ್’ ಎಂದು ಹೀಯಾಳಿಸಲಾಗುತ್ತಿತ್ತು. ಅಲ್ಲಿನ ಮಾಜಿ ಕೈದಿಗಳನ್ನು ತಡೆಯಲೆಂದೇ ವಿಕ್ಟೋರಿಯಾ 1852ರಲ್ಲಿ ಕಾನೂನು ತಂದಿತು. ಆ ದ್ವೀಪವು 1856ರಲ್ಲಿ ತನ್ನ ಹೆಸರನ್ನೇ ಟಾಸ್ಮೇನಿಯಾ ಎಂದು ಬದಲಿಸಿಕೊಂಡಿತು.