ಮಾಯಾ ನಗರಗಳನ್ನು ಖಾಲಿ ಮಾಡಿಸಿದ್ದು ಬರ ಒಂದೇನಾ?

ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ, ಮಾಯಾ ಅನ್ನುವ ಜನಾಂಗ ಕಟ್ಟಿದ ಹಳೆಯ ನಗರ ಕೋಪಾನ್‌ನಲ್ಲಿ ಅರ್ಧಕ್ಕೆ ನಿಂತ ಒಂದು ಚೌಕ ಕಲ್ಲಿದೆ. ಅದನ್ನು 'ಆಲ್ಟರ್ ಎಲ್' ಅಂತ ಕರೆಯುತ್ತಾರೆ. ಒಂದು ಮುಖದಲ್ಲಿ ಹೊಸ ರಾಜ ಪಟ್ಟಕ್ಕೆ ಬರುವ ಚಿತ್ರ ಪೂರ್ತಿಯಾಗಿದೆ. ಇನ್ನೊಂದರಲ್ಲಿ ಕೆತ್ತನೆ ಶುರುವಾಗಿ ನಿಂತಿದೆ. ಉಳಿದೆರಡು ಮುಖಗಳಿಗೆ ಉಳಿ ತಾಗಿಯೇ ಇಲ್ಲ. ಅದರ ಮೇಲಿನ ಇಸವಿ ನಮ್ಮ ಲೆಕ್ಕಕ್ಕೆ 822.

ಸುತ್ತಮುತ್ತಲಿನ ಮಾಯಾ ರಾಜ್ಯಗಳಲ್ಲೂ ಹೀಗೇ ಆಯಿತು. ಮೆಕ್ಸಿಕೋದ ಪಲೆಂಕೆಯಲ್ಲಿ ಸಿಕ್ಕ ಕೊನೆಯ ಇಸವಿ 799, ಗ್ವಾಟೆಮಾಲಾದ ದೊಡ್ಡ ನಗರ ಟಿಕಾಲ್‌ನಲ್ಲಿ 869, ಮೆಕ್ಸಿಕೋದ ಟೋನಿನಾದಲ್ಲಿ 909. ಸುಮಾರು ನೂರು ವರ್ಷದಲ್ಲಿ ಒಂದರ ಹಿಂದೊಂದು ಊರಲ್ಲಿ ಶಾಸನ ಕೆತ್ತುವುದು ನಿಂತಿತು, ಅರಮನೆಗಳು ಖಾಲಿಯಾದವು, ಆಮೇಲೆ ನಿಧಾನಕ್ಕೆ ಜನರೂ ಊರು ಬಿಟ್ಟರು. 2018ರಲ್ಲಿ ವಿಮಾನದಿಂದ ಲೇಸರ್ ಕಿರಣ ಬಿಟ್ಟು ಕಾಡಿನ ಕೆಳಗಿನ ನೆಲವನ್ನು ಅಳೆದವರು, ಮಾಯಾ ಜನರ ತಗ್ಗು ಪ್ರದೇಶದಲ್ಲಿ ಆ ಹೊತ್ತಿಗೆ 70 ಲಕ್ಷದಿಂದ 1 ಕೋಟಿ 10 ಲಕ್ಷ ಜನ ಇದ್ದಿರಬಹುದು ಅಂತ ಅಂದಾಜು ಮಾಡಿದ್ದಾರೆ. ಅಷ್ಟು ಜನರ ನಾಡು ಯಾಕೆ ಬರಿದಾಯಿತು?

ಜನಾಂಗವೇ ಅಳಿದುಹೋಯಿತು ಅನ್ನುವ ಮಾತನ್ನು ಮೊದಲು ಬಿಟ್ಟುಬಿಡೋಣ. ಮಾಯಾ ಭಾಷೆಗಳನ್ನು ಇವತ್ತಿಗೂ ಲಕ್ಷಾಂತರ ಜನ ಮಾತಾಡುತ್ತಾರೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ಟಾ ಮೆಂಚು ಮಾಯಾ ಮಹಿಳೆ. ಕುಸಿದದ್ದು ದಕ್ಷಿಣದ ತಗ್ಗು ಪ್ರದೇಶದ ರಾಜರ ಆಳ್ವಿಕೆ ಮತ್ತು ಅದನ್ನು ನಂಬಿಕೊಂಡಿದ್ದ ನಗರಗಳು.

ಕಾರಣಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಬರಕ್ಕೆ. ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದಲ್ಲಿರುವ ಚಿಚಾಂಕನಾಬ್ ಅನ್ನುವ ಸರೋವರದ ತಳದ ಮಣ್ಣನ್ನು ಕೊಳವೆಯಲ್ಲಿ ಎತ್ತಿ ನೋಡಿದಾಗ, 800ರಿಂದ 1000ದ ನಡುವಿನ ಪದರಗಳಲ್ಲಿ ಜಿಪ್ಸಮ್ ಜಾಸ್ತಿ ಇತ್ತು. ಇದು ಪ್ರಕಟವಾದದ್ದು 1995ರಲ್ಲಿ. ಉಪ್ಪಿನಾಗರದಲ್ಲಿ ನೀರು ಒಣಗಿ ಉಪ್ಪು ಉಳಿಯುವ ಹಾಗೆ, ಸರೋವರ ಬತ್ತಿದಾಗ ಜಿಪ್ಸಮ್ ಹರಳು ಕಟ್ಟುತ್ತದೆ. ಹರಳು ಕಟ್ಟುವಾಗ ಸರೋವರದ ನೀರನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಸಾವಿರ ವರ್ಷ ಹಳೆಯ ನೀರು ನಮ್ಮ ಕೈಗೆ ಸಿಕ್ಕಂತೆ! ನೀರು ಆವಿಯಾಗುವಾಗ ಹಗುರವಾದ ಅಣುಗಳು ಮೊದಲು ಹೋಗುತ್ತವೆ, ಭಾರದವು ಹಿಂದೆ ಉಳಿಯುತ್ತವೆ. ಹಾಗಾಗಿ ಹರಳಿನೊಳಗಿನ ನೀರಲ್ಲಿ ಭಾರದ ಅಣುಗಳು ಎಷ್ಟಿವೆ ಅಂತ ನೋಡಿದರೆ ಸರೋವರ ಎಷ್ಟು ಬತ್ತಿತ್ತು ಅನ್ನುವುದು ಗೊತ್ತಾಗುತ್ತದೆ. 2018ರಲ್ಲಿ ಹೀಗೆ ಲೆಕ್ಕ ಹಾಕಿದವರು ಆ ಕಾಲದ ಮಳೆ ಈಗಿನದಕ್ಕಿಂತ ಸುಮಾರು ಅರ್ಧದಷ್ಟು ಇಳಿದಿತ್ತು, ತೀರಾ ಕೆಟ್ಟ ಕಾಲದಲ್ಲಿ ಶೇ. 70ರವರೆಗೂ ಇಳಿದಿತ್ತು ಎಂದರು.

ಟಿಕಾಲ್‌ಗೆ ಇದು ಎಂಥ ಹೊಡೆತ ಅಂತ ಯೋಚಿಸಿ. ಅಲ್ಲಿ ನದಿ ಇಲ್ಲ. ಸುಣ್ಣದ ಕಲ್ಲಿನ ನೆಲವಾದ್ದರಿಂದ ಮಳೆ ನೀರು ಬಿರುಕಿನಲ್ಲಿ ಇಳಿದುಹೋಗುತ್ತದೆ, ಅಂತರ್ಜಲ ತುಂಬಾ ಆಳದಲ್ಲಿದೆ. ಜನ ಕಲ್ಲು ಹಾಸಿದ ಅಂಗಳಗಳನ್ನು ಇಳಿಜಾರು ಮಾಡಿ, ಮಳೆ ನೀರನ್ನೆಲ್ಲ ಕಟ್ಟಿದ ಕೆರೆಗಳಿಗೆ ತಿರುಗಿಸಿದ್ದರು. ನಾಲ್ಕೈದು ತಿಂಗಳ ಬೇಸಿಗೆ ಕಳೆಯಬೇಕಾದರೆ ಅದೇ ಗತಿ.

2020ರಲ್ಲಿ ಆ ಕೆರೆಗಳ ಹೂಳನ್ನು ಪರೀಕ್ಷಿಸಿದಾಗ ಅರಮನೆ ಮತ್ತು ದೇವಾಲಯದ ಪಕ್ಕದ ಕೆರೆಗಳಲ್ಲಿ ಪಾದರಸ ತುಂಬಾ ಸಿಕ್ಕಿತು. ಮಾಯಾ ಜನ ಗೋಡೆಗಳಿಗೆ, ಗೋರಿಗಳಿಗೆ ಇಂಗಳೀಕದ ಕೆಂಪು ಬಣ್ಣ ಬಳಿಯುತ್ತಿದ್ದರು, ಅದರಲ್ಲಿರುವುದೇ ಪಾದರಸ. ಮಳೆ ಬಂದಾಗಲೆಲ್ಲ ಅದು ತೊಳೆದು ಕೆರೆಗೆ ಸೇರಿತು. ಜೊತೆಗೆ ವಿಷ ಬಿಡುವ ನೀಲಿ-ಹಸಿರು ಪಾಚಿಯ ಗುರುತೂ ಸಿಕ್ಕಿತು. ಆ ವಿಷ ಕಾಯಿಸಿದರೂ ಹೋಗುವುದಿಲ್ಲ. ಮಳೆ ಕಡಿಮೆಯಾಗಿ ಕೆರೆ ಕುಗ್ಗಿದಂತೆಲ್ಲ ನೀರು ಇನ್ನಷ್ಟು ಕೆಟ್ಟಿರಬೇಕು. ಬೇಸರದ ವಿಷಯ ಅಂದರೆ, ಇದೇ ಊರಿನ ಇನ್ನೊಂದು ಕೆರೆಗೆ ಜಿಯೋಲೈಟ್ ಖನಿಜದಿಂದ ನೀರು ಸೋಸುವ ವ್ಯವಸ್ಥೆ ಇತ್ತು! ಅಷ್ಟು ತಿಳಿದ ಜನ ಅವರು.

ಆದರೂ ಎಲ್ಲವನ್ನೂ ಬರದ ಮೇಲೆ ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಡೋಸ್ ಪಿಲಾಸ್ ನಗರವನ್ನೇ ನೋಡಿ. ಅಲ್ಲಿನ ರಾಜಮನೆತನ 761ರಲ್ಲೇ, ಅಂದರೆ ದೊಡ್ಡ ಬರ ಬರುವ ಮೊದಲೇ, ಯುದ್ಧದಲ್ಲಿ ನೆಲೆ ಕಳೆದುಕೊಂಡಿತು. ಉಳಿದ ಜನ ಅರಮನೆ, ದೇವಾಲಯಗಳ ಕಲ್ಲುಗಳನ್ನೇ ಕಿತ್ತು ಸುತ್ತ ಗೋಡೆ ಕಟ್ಟಿಕೊಂಡರು. ಶಾಸನ ಕೆತ್ತಿದ ಮೆಟ್ಟಿಲಿನ ಮೇಲೇ ಗೋಡೆ ಹಾದುಹೋಗಿದೆ. ಪ್ರಾಣಭಯ ಇದ್ದವರಿಗೆ ರಾಜನ ಬಿರುದು ಯಾಕೆ ಬೇಕು, ಅಲ್ವಾ? ಹತ್ತಿರದ ಅಗ್ವಾಟೆಕಾ ಸುಮಾರು 810ರ ಹೊತ್ತಿಗೆ ಬೆಂಕಿಗೆ ಬಿತ್ತು. ಜನ ಎಷ್ಟು ಅವಸರದಲ್ಲಿ ಓಡಿದ್ದರೆಂದರೆ ಮನೆಯ ಪಾತ್ರೆ, ಕಸುಬಿನ ಸಾಮಾನು ಇದ್ದಲ್ಲೇ ಬಿದ್ದಿದ್ದವು.

ಕಾಡು ಕಡಿದದ್ದೂ ಸೇರಿಕೊಂಡಿತು. ಹೊಲಕ್ಕೆ ಜಾಗ ಬೇಕಿತ್ತು, ಗೋಡೆಗೆ ಬಳಿಯುವ ಸುಣ್ಣ ಸುಡಲು ಸೌದೆ ಬೇಕಿತ್ತು. ಮರ ಕಡಿಮೆಯಾದರೆ ನೆಲದಿಂದ ಮೇಲೇಳುವ ತೇವವೂ ಕಡಿಮೆ, ಮಳೆಯೂ ಕಡಿಮೆ. ಬರದ ಒಂದು ಪಾಲನ್ನು ಜನರೇ ತಂದುಕೊಂಡಿದ್ದರು.

ಇನ್ನು ರಾಜರು. ಮಾಯಾ ರಾಜನಿಗೆ 'ಕುಹುಲ್ ಅಹಾವ್' ಅನ್ನುವ ಬಿರುದಿತ್ತು, ಪವಿತ್ರ ಒಡೆಯ ಅಂತ. ದೇವರಿಗೂ ಜನಕ್ಕೂ ನಡುವೆ ನಿಂತವನು ಅವನೇ. ವರ್ಷಗಟ್ಟಲೆ ಪೂಜೆ ಮಾಡಿಯೂ ಮಳೆ ಬಾರದಿದ್ದರೆ, ಮೆಕ್ಕೆಜೋಳ ಒಣಗಿದರೆ, ಸೆಖೆ ಮತ್ತು ತೇವದಲ್ಲಿ ಕೂಡಿಟ್ಟ ಕಾಳು ಹುಳ ಹಿಡಿದರೆ, ಅಂಥವನಿಗೆ ಜನ ಯಾಕೆ ಕಲ್ಲು ಹೊರಬೇಕು? ಗ್ವಾಟೆಮಾಲಾದ ಉಕನಾಲ್‌ನಲ್ಲಿ 9ನೇ ಶತಮಾನದ ಆರಂಭದಲ್ಲಿ ಹಳೆಯ ರಾಜಮನೆತನದವರ ಮೂಳೆಗಳನ್ನೂ ಒಡವೆಗಳನ್ನೂ ಗೋರಿಯಿಂದ ತೆಗೆದು ಸುಟ್ಟಿದ್ದಾರೆ. ಆಮೇಲೆ ಆ ಬೂದಿಯನ್ನು ಕಟ್ಟಡದ ಭರ್ತಿಗೆ ಸುಮ್ನೆ ಸುರಿದಿದ್ದಾರೆ. 2024ರಲ್ಲಿ ಪ್ರಕಟವಾದ ಈ ಸಂಗತಿ ನನ್ನ ಪ್ರಕಾರ ಬಹಳ ಮುಖ್ಯ. ಆ ಊರು ಆಗ ಸಾಯಲಿಲ್ಲ. ಪಪ್ಮಾಲಿಲ್ ಅನ್ನುವ ಹೊಸ ಒಡೆಯನ ಕೈಕೆಳಗೆ ಮತ್ತೆ ಕಟ್ಟಡಗಳು ಎದ್ದವು.

ಬದುಕಿಕೊಂಡ ಊರು ಅದೊಂದೇ ಅಲ್ಲ. ಬೆಲೀಜ್‌ನ ಲಮನಾಯ್ ಸ್ಪೇನಿನವರು ಬರುವವರೆಗೂ ಬದುಕಿತ್ತು, ಅದರ ಪಕ್ಕದಲ್ಲೇ ಸರೋವರದಂಥ ದೊಡ್ಡ ನೀರಿನ ಹರವಿದೆ. ಉತ್ತರದ ಚಿಚೆನ್ ಇಟ್ಜಾದಲ್ಲಿ ಮೊದಲಿಂದಲೂ ಮಳೆ ಕಡಿಮೆ. ಆದರೆ ಅಲ್ಲಿ ನೆಲ ಕುಸಿದು ಆದ ಸೆನೋಟೆ ಅನ್ನುವ ಗುಂಡಿಗಳಲ್ಲಿ ಅಂತರ್ಜಲ ಕೈಗೆ ಸಿಗುತ್ತದೆ, ಕರಾವಳಿಯ ವ್ಯಾಪಾರವೂ ಕೈಯಲ್ಲಿತ್ತು. ದಕ್ಷಿಣ ಬರಿದಾಗುತ್ತಿದ್ದಾಗ ಆ ಊರು ಬೆಳೆಯುತ್ತಿತ್ತು.

2025ರಲ್ಲಿ ಯುಕಟಾನಿನ ಗುಹೆಯೊಂದರ ಸುಣ್ಣದ ಕಂಬದ ಪದರಗಳನ್ನು ವರ್ಷ ವರ್ಷಕ್ಕೆ ಬಿಡಿಸಿ ಓದಿದ್ದಾರೆ. 871ರಿಂದ 1021ರ ನಡುವೆ ಮಳೆಗಾಲವೇ ಕೈಕೊಟ್ಟ ಎಂಟು ಬರಗಳು, ಒಂದೊಂದೂ ಕನಿಷ್ಠ ಮೂರು ವರ್ಷದ್ದು, ಒಂದಂತೂ 13 ವರ್ಷ. ವರ್ಷದ ಒಟ್ಟು ಮಳೆ ಗೊತ್ತಾದರೆ ಸಾಲದು, ಬಿತ್ತನೆಯ ಹೊತ್ತಿಗೆ ಮಳೆ ಬಂತಾ ಅನ್ನುವುದೇ ರೈತನಿಗೆ ಮುಖ್ಯ. ಈಗ ಆ ಲೆಕ್ಕ ಸಿಕ್ಕಿದೆ. ಒಂದೊಂದು ನಗರದ ಕೊನೆಯ ಶಾಸನವನ್ನು ಆ ವರ್ಷಗಳ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಊರನ್ನು ಬರ ಕೆಡವಿತು, ಯಾವ ಊರು ಬರಕ್ಕೆ ಮೊದಲೇ ಒಡೆದಿತ್ತು ಅಂತ ಬೇರೆ ಬೇರೆಯಾಗಿ ಹೇಳಬಹುದು.